ಬಿಸಿಜಿ ಯಾವ ಮಗುವನ್ನು ಕಾಯುತ್ತದೆ, ಯಾವ ಕ್ಷಯದಿಂದ ಕಾಯುತ್ತದೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚಿಕ್ಕ ಮಕ್ಕಳಿಗೆ ಕ್ಷಯದ ಲಸಿಕೆ ಹಾಕಿದರೆ ಎಷ್ಟರ ಮಟ್ಟಿಗೆ ಫಲ ಸಿಗುತ್ತದೆ ಎಂಬುದು ಇವತ್ತಿನ ವಿಷಯ. ಬಿಸಿಜಿ ಎಂಬ ಈ ಲಸಿಕೆಯ ಬಗ್ಗೆ ಮಾತು ಬಂದಾಗಲೆಲ್ಲ ಜನ ಒಂದು ಸಂಖ್ಯೆ ಕೇಳುತ್ತಾರೆ. ಶೇಕಡಾ ಎಷ್ಟು? ಐವತ್ತೋ, ಎಂಬತ್ತೋ? ವೈದ್ಯಕೀಯ ಸಾಹಿತ್ಯದಲ್ಲಿ ಹುಡುಕಿದರೆ ಎರಡಕ್ಕೂ ಆಧಾರ ಸಿಗುತ್ತದೆ, ಸೊನ್ನೆಗೂ ಸಿಗುತ್ತದೆ. ಬ್ರಿಟನ್ನಿನಲ್ಲಿ 1950ರಲ್ಲಿ ಆರಂಭವಾದ ಪ್ರಯೋಗದಲ್ಲಿ ಹದಿನಾಲ್ಕು, ಹದಿನೈದರ ಹರೆಯದ 50,000ಕ್ಕೂ ಹೆಚ್ಚು ಮಕ್ಕಳಿದ್ದರು. ಅಲ್ಲಿ ಲಸಿಕೆ ಕ್ಷಯವನ್ನು ಶೇ. 80ರ ಹತ್ತಿರ ತಡೆಯಿತು. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಆರಂಭವಾದ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದ ಪ್ರಯೋಗದಲ್ಲಿ ಶ್ವಾಸಕೋಶದ ಕ್ಷಯದ ವಿರುದ್ಧ ಅದೇ ಲಸಿಕೆಯಿಂದ ಒಟ್ಟಾರೆ ರಕ್ಷಣೆ ಸಿಗಲಿಲ್ಲ.

ಎರಡೂ ಪ್ರಯೋಗಗಳನ್ನು ಅಚ್ಚುಕಟ್ಟಾಗಿಯೇ ನಡೆಸಿದ್ದರು. ಹಾಗಾಗಿ ಯಾವುದೋ ಒಂದನ್ನು ಸುಳ್ಳು ಎಂದು ಬದಿಗಿಡುವ ಹಾಗಿಲ್ಲ. ನನ್ನ ಮಟ್ಟಿಗೆ ತೊಡಕು ಇರುವುದು ನಾವು ಕೇಳುವ ಪ್ರಶ್ನೆಯಲ್ಲೇ. ಯಾವ ವಯಸ್ಸಿನವರಲ್ಲಿ, ಯಾವ ಬಗೆಯ ಕ್ಷಯದ ವಿರುದ್ಧ, ಎಷ್ಟು ವರ್ಷದವರೆಗೆ ಎಂದು ಒಡೆದು ಕೇಳದೆ ಬಿಸಿಜಿ ಫಲಕಾರಿಯೇ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಒಡೆದು ಕೇಳಿದರೆ, ಹಸುಗೂಸುಗಳ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿಯೇ ಇದೆ. ನಾನು ಬಹುಪಾಲು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಲಸಿಕೆಯ ಹುಟ್ಟಿನ ಕಥೆ, ಚುಟುಕಾಗಿ. ಫ್ರಾನ್ಸಿನ ಲಿಲ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಆಲ್ಬರ್ಟ್ ಕಾಲ್ಮೆಟ್ ಎಂಬ ವೈದ್ಯ ಮತ್ತು ಕಮೀಲ್ ಗೆರಾನ್ ಎಂಬ ಪಶುವೈದ್ಯ 1908ರಲ್ಲಿ ದನಗಳಿಗೆ ಬರುವ ಕ್ಷಯದ ಬ್ಯಾಕ್ಟೀರಿಯಾವನ್ನು ಬೆಳೆಸತೊಡಗಿದರು. ಗ್ಲಿಸರಿನ್ ಮತ್ತು ಎತ್ತಿನ ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಹೋಳುಗಳ ಮೇಲೆ ಅದನ್ನು ಬೆಳೆಸುವುದು, ಕೆಲವು ವಾರ ಕಳೆದ ಮೇಲೆ ಹೊಸ ಹೋಳಿಗೆ ದಾಟಿಸುವುದು. ಮೊದಲ ಮಹಾಯುದ್ಧದಲ್ಲಿ ಲಿಲ್ ಜರ್ಮನ್ ಸೈನ್ಯದ ವಶವಾದಾಗಲೂ ಕೆಲಸ ನಿಲ್ಲಲಿಲ್ಲ. ಹದಿಮೂರು ವರ್ಷಗಳಲ್ಲಿ ಸುಮಾರು 230 ಸಲ ಹೀಗೆ ದಾಟಿಸಿದ ಮೇಲೆ ಆ ಬ್ಯಾಕ್ಟೀರಿಯಾ ಬದುಕಿತ್ತು, ಆದರೆ ಪ್ರಾಣಿಗಳಲ್ಲಿ ರೋಗ ತರುವ ಕಸುವು ಕಳೆದುಕೊಂಡಿತ್ತು. ಅದರ ವಂಶವಾಹಿಯಿಂದ ಒಂದು ತುಂಡೇ ಉದುರಿಹೋಗಿತ್ತು ಎಂಬುದು ಗೊತ್ತಾದದ್ದು 1990ರ ದಶಕದಲ್ಲಿ.

1921ರಲ್ಲಿ ಪ್ಯಾರಿಸ್ಸಿನ ವೈದ್ಯ ಬೆಂಜಮಿನ್ ವೈಲ್-ಹಾಲೆ ಅದನ್ನು ಮೊದಲ ಬಾರಿಗೆ ಒಂದು ಹಸುಗೂಸಿಗೆ ಕೊಟ್ಟರು. ಆಗ ಇದು ಬಾಯಿಗೆ ಹಾಕುವ ಲಸಿಕೆ. ಆ ಕೂಸಿನ ತಾಯಿ ಹೆರಿಗೆಯಾದ ಸ್ವಲ್ಪದರಲ್ಲೇ ಕ್ಷಯದಿಂದ ತೀರಿಕೊಂಡಿದ್ದಳು. ಮಗುವನ್ನು ಸಾಕಬೇಕಾಗಿದ್ದ ಅಜ್ಜಿಗೂ ಕ್ಷಯವಿತ್ತು. ಮಗುವಿಗೆ ಕ್ಷಯ ಬರಲಿಲ್ಲ. ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ, ಅದು ಸರಿ. ಆದರೆ ಲಸಿಕೆಯನ್ನು ಯಾರಿಗಾಗಿ ಹುಡುಕಿದ್ದರು ಎಂಬುದನ್ನು ಈ ಪ್ರಸಂಗ ಚೆನ್ನಾಗಿ ಹೇಳುತ್ತದೆ. ಕೆಮ್ಮುವ ದೊಡ್ಡವರ ಮಡಿಲಲ್ಲಿ ಬೆಳೆಯುವ ಕೂಸುಗಳಿಗಾಗಿ.

1930ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದಲ್ಲಿ ನಡೆದ ದುರಂತವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅಲ್ಲಿ ಲಸಿಕೆ ಪಡೆದ ಸುಮಾರು 250 ಶಿಶುಗಳಲ್ಲಿ 70ಕ್ಕೂ ಹೆಚ್ಚು ಶಿಶುಗಳು ಕ್ಷಯದಿಂದ ಸತ್ತವು. ಸ್ಥಳೀಯ ಪ್ರಯೋಗಾಲಯದಲ್ಲಿ ಲಸಿಕೆಗೆ ರೋಗಕಾರಕ ತಳಿ ಬೆರೆತುಹೋಗಿತ್ತು ಎಂದು ತನಿಖೆಯಲ್ಲಿ ತಿಳಿಯಿತು. ಬಿಸಿಜಿಯ ತಳಿ ತಾನಾಗಿ ಮತ್ತೆ ವಿಷವೇರಿರಲಿಲ್ಲ. ಲಸಿಕೆ ಸುರಕ್ಷಿತವಾಗಿ ತಯಾರಾಗುತ್ತಿದೆಯೇ ಎಂದು ಪೋಷಕರು ಕೇಳುವುದು ನ್ಯಾಯವಾದ ಪ್ರಶ್ನೆ. ಈಗಿನ ಕಟ್ಟುನಿಟ್ಟಿನ ಹಿಂದೆ ಆ ಮಕ್ಕಳ ಸಾವಿದೆ.

ಇನ್ನು ಮುಖ್ಯ ವಿಷಯ. ಕ್ಷಯದ ಸೋಂಕು ಒಂದೇ ಆದರೂ ಅದು ದೊಡ್ಡವರ ಮೈಯಲ್ಲಿ ನಡೆದುಕೊಳ್ಳುವ ರೀತಿ ಬೇರೆ, ಒಂದು ವರ್ಷದ ಒಳಗಿನ ಕೂಸಿನ ಮೈಯಲ್ಲಿ ನಡೆದುಕೊಳ್ಳುವ ರೀತಿ ಬೇರೆ.

ದೊಡ್ಡವರು ಕ್ಷಯದ ಬ್ಯಾಕ್ಟೀರಿಯಾವನ್ನು ಉಸಿರಿನೊಂದಿಗೆ ಎಳೆದುಕೊಂಡರೆ, ಹೆಚ್ಚಿನವರ ದೇಹ ಅದನ್ನು ಶ್ವಾಸಕೋಶದ ಒಂದು ಮೂಲೆಯಲ್ಲೇ ಸುತ್ತುಗಟ್ಟಿ ಕೂಡಿಹಾಕುತ್ತದೆ. ಸೋಂಕು ಇರುತ್ತದೆ, ರೋಗ ಇರುವುದಿಲ್ಲ. ಹಲವರಿಗೆ ಜೀವಮಾನವಿಡೀ ರೋಗ ಬರುವುದೇ ಇಲ್ಲ. ಕೂಸಿನಲ್ಲಿ ಈ ಸುತ್ತುಗಟ್ಟುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಬ್ಯಾಕ್ಟೀರಿಯಾವನ್ನು ನುಂಗಿದ ಬಿಳಿ ರಕ್ತಕಣಗಳಿಗೆ ಅದನ್ನು ಕೊಲ್ಲಲು ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಕುಮ್ಮಕ್ಕು ಬೇಕು, ಅದು ತಡವಾಗಿ, ಮೆತ್ತಗೆ ಬರುತ್ತದೆ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಹತ್ತಿರದ ಗ್ರಂಥಿಗಳಿಗೆ ಇಳಿದು, ಅಲ್ಲಿಂದ ರಕ್ತಕ್ಕೆ ಸೇರಿ, ಮೈಯೆಲ್ಲ ಹರಡಬಹುದು. ಎಕ್ಸ್-ರೇಯಲ್ಲಿ ಶ್ವಾಸಕೋಶದ ತುಂಬ ಸಣ್ಣ ಕಾಳು ಚೆಲ್ಲಿದಂತೆ ಚುಕ್ಕೆಗಳು ಕಾಣುವ ಸ್ಥಿತಿಯೇ ಮಿಲಿಯರಿ ಟಿಬಿ. ರಕ್ತದ ಮೂಲಕ ಮಿದುಳಿನ ಪೊರೆಗೆ ತಲುಪಿದರೆ ಟಿಬಿ ಮೆನಿಂಜೈಟಿಸ್.

ಕ್ಷಯಕ್ಕೆ ಔಷಧಿಯೇ ಇಲ್ಲದಿದ್ದ ಕಾಲದ ದಾಖಲೆಗಳನ್ನು ಒಟ್ಟುಗೂಡಿಸಿ 2004ರಲ್ಲಿ ಮಾಡಿದ ಒಂದು ವಿಶ್ಲೇಷಣೆ ಇದೆ. ಒಂದು ವರ್ಷದೊಳಗೆ ಸೋಂಕು ತಗುಲಿದ ಶಿಶುಗಳಲ್ಲಿ ಶೇ. 30ರಿಂದ 40ರಷ್ಟು ಶಿಶುಗಳಿಗೆ ಶ್ವಾಸಕೋಶ ಅಥವಾ ಎದೆಯ ಗ್ರಂಥಿಗಳ ಕ್ಷಯ ಬರುತ್ತಿತ್ತು, ಶೇ. 10ರಿಂದ 20ರಷ್ಟಕ್ಕೆ ಮಿಲಿಯರಿ ಇಲ್ಲವೇ ಮಿದುಳಿನ ಪೊರೆಯ ಕ್ಷಯ. ಎರಡನೇ ವರ್ಷದಲ್ಲಿ ಸೋಂಕು ತಗುಲಿದರೆ ಈ ಭೀಕರ ರೂಪಗಳ ಪ್ರಮಾಣ ಶೇ. 2ರಿಂದ 5ಕ್ಕೆ ಇಳಿಯುತ್ತದೆ. ಎರಡರಿಂದ ಐದು ವರ್ಷದವರಲ್ಲಿ ಸುಮಾರು ಅರ್ಧ ಶೇಕಡಾ. ಹುಟ್ಟಿದ ಮೊದಲ ಎರಡು ವರ್ಷ ಎಷ್ಟು ಇಕ್ಕಟ್ಟಿನ ಕಾಲ ಎಂಬುದು ಈ ಇಳಿಜಾರಿನಲ್ಲೇ ಕಾಣುತ್ತದೆ.

ಟಿಬಿ ಮೆನಿಂಜೈಟಿಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಬಿಸಿಜಿಯ ಬೆಲೆ ತಿಳಿಯುವುದು ಈ ರೋಗ ಏನೆಂದು ತಿಳಿದಾಗ. ಅದು ಸದ್ದಿಲ್ಲದೆ ಶುರುವಾಗುತ್ತದೆ. ಸಣ್ಣ ಜ್ವರ, ಆಟ ಬಿಟ್ಟು ಮಂಕಾಗಿ ಕೂರುವುದು, ಊಟ ಬೇಡವೆನ್ನುವುದು, ಆಗೀಗ ವಾಂತಿ. ಒಂದೆರಡು ವಾರ ಹೀಗೆ ಕಳೆಯುತ್ತದೆ, ನೋಡಿದವರಿಗೆಲ್ಲ ಇದು ಮಾಮೂಲಿ ಜ್ವರದಂತೆಯೇ ಕಾಣುತ್ತದೆ. ಆಮೇಲೆ ಜೋಂಪು, ಕತ್ತು ಬಿಗಿಯುವುದು, ಅಪಸ್ಮಾರ, ಕೈಕಾಲು ಒಂದು ಕಡೆ ಸೋಲುವುದು. ಬೆನ್ನುಹುರಿಯ ಸುತ್ತಲ ದ್ರವ ತೆಗೆದು ಪರೀಕ್ಷಿಸಿದರೂ ಅದರಲ್ಲಿ ಬ್ಯಾಕ್ಟೀರಿಯಾ ಬಹಳ ವಿರಳ, ಕಣ್ಣಿಗೆ ಬೀಳದೆಯೇ ಹೋಗಬಹುದು. ಮಕ್ಕಳ ಟಿಬಿ ಮೆನಿಂಜೈಟಿಸ್ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಲೆಕ್ಕ ಹಾಕಿದಾಗ, ಚಿಕಿತ್ಸೆ ಪಡೆದರೂ ಐದರಲ್ಲಿ ಒಂದು ಮಗು ಸಾಯುತ್ತದೆ, ಬದುಕುಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ನರಗಳ ಊನ ಉಳಿಯುತ್ತದೆ ಎಂದು ತಿಳಿಯಿತು. ಊನವೆಂದರೆ ಕಿವಿ ಕೇಳದಿರುವುದು, ದೃಷ್ಟಿ ಹೋಗುವುದು, ಮಾತು ಮತ್ತು ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು. ಹೀಗೆ ತಡವಾಗಿ ಪತ್ತೆಯಾಗುವ, ಗುಣವಾದರೂ ಮಗುವನ್ನು ಮೊದಲಿನಂತೆ ಮರಳಿ ಕೊಡದ ರೋಗಕ್ಕೆ ಚಿಕಿತ್ಸೆಯನ್ನು ನಂಬಿ ಕೂರಲಾಗದು. ಮೊದಲೇ ತಡೆಯಬೇಕು.

ಬಿಸಿಜಿ ತಡೆಯುವುದು ಇದನ್ನೇ. ಹುಟ್ಟಿದ ಕೂಡಲೇ ದುರ್ಬಲ ಬ್ಯಾಕ್ಟೀರಿಯಾದ ಪರಿಚಯ ಮಾಡಿಸಿದರೆ ಟಿ ಕಣಗಳು ಮುಂಚಿತವಾಗಿ ತಯಾರಾಗುತ್ತವೆ. ನಿಜವಾದ ಕ್ಷಯದ ಬ್ಯಾಕ್ಟೀರಿಯಾ ಬಂದಾಗ ಅದು ರಕ್ತಕ್ಕೆ ಇಳಿಯುವ ಮೊದಲೇ ಕಟ್ಟಿಹಾಕುವ ಸಾಧ್ಯತೆ ಹೆಚ್ಚುತ್ತದೆ. ಬಾಗಿಲಲ್ಲೇ ಕಳ್ಳನನ್ನು ಹಿಡಿಯುವ ಕಾವಲುಗಾರನಿಗಿಂತ, ಒಳಗೆ ನುಗ್ಗಿದವನು ಕೋಣೆಯಿಂದ ಕೋಣೆಗೆ ಹೋಗದಂತೆ ಚಿಲಕ ಹಾಕುವವನಿಗೆ ಬಿಸಿಜಿಯನ್ನು ಹೋಲಿಸುವುದು ಸರಿ. ಸೋಂಕು ತಗುಲುವುದನ್ನೇ ಅದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ ಎಂಬುದಕ್ಕೂ ಪುರಾವೆ ಇದೆ. ಕ್ಷಯ ರೋಗಿಗಳ ಸಂಪರ್ಕಕ್ಕೆ ಬಂದ ಮಕ್ಕಳ ಅಧ್ಯಯನಗಳನ್ನು 2014ರಲ್ಲಿ ಒಟ್ಟಾಗಿ ನೋಡಿದಾಗ, ಲಸಿಕೆ ಪಡೆದವರಲ್ಲಿ ಸೋಂಕು ಶೇ. 19ರಷ್ಟು ಕಡಿಮೆ ಇತ್ತು. ಸೋಂಕು ತಗುಲಿದ ಮೇಲೆ ಅದು ರೋಗವಾಗಿ ತಿರುಗುವುದಂತೂ ಶೇ. 58ರಷ್ಟು ಕಡಿಮೆ.

ಭೀಕರ ರೂಪಗಳ ವಿಷಯಕ್ಕೆ ಬಂದರೆ ಅಂಕಿಗಳು ಇನ್ನೂ ಗಟ್ಟಿ. ಲಸಿಕೆಯ ರಕ್ಷಣೆ ಟಿಬಿ ಮೆನಿಂಜೈಟಿಸ್ ವಿರುದ್ಧ ಸುಮಾರು ಶೇ. 73, ಮಿಲಿಯರಿ ಟಿಬಿ ವಿರುದ್ಧ ಸುಮಾರು ಶೇ. 77 ಎಂದು 2006ರಲ್ಲಿ ಪ್ರಕಟವಾದ ವಿಶ್ಲೇಷಣೆ ಅಂದಾಜು ಮಾಡಿತು. 2002ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ ಸುಮಾರು 10 ಕೋಟಿ ಶಿಶುಗಳಿಗೆ ಹಾಕಿದ ಬಿಸಿಜಿ, ಆ ಮಕ್ಕಳ ಮೊದಲ ಐದು ವರ್ಷಗಳಲ್ಲಿ ಸುಮಾರು 30,000 ಮೆನಿಂಜೈಟಿಸ್ ಪ್ರಕರಣಗಳನ್ನೂ 11,000ಕ್ಕೂ ಹೆಚ್ಚು ಮಿಲಿಯರಿ ಪ್ರಕರಣಗಳನ್ನೂ ತಪ್ಪಿಸಿತು ಎಂಬುದು ಅದೇ ಲೆಕ್ಕ. ಅಂದರೆ ಸರಿಸುಮಾರು 3,400 ಶಿಶುಗಳಿಗೆ ಲಸಿಕೆ ಹಾಕಿದರೆ ಒಂದು ಮಗುವಿನ ಮಿದುಳು ಉಳಿಯುತ್ತದೆ. ಇಷ್ಟೊಂದು ಮಕ್ಕಳಿಗೆ ಚುಚ್ಚಿ ಒಂದೇ ಮಗುವೇ ಎಂದು ಕೆಲವರಿಗೆ ಅನಿಸಬಹುದು. ಒಂದೇ ಡೋಸಿನ, ಅಗ್ಗದ, ಅಡ್ಡಪರಿಣಾಮ ಕಡಿಮೆ ಇರುವ ಲಸಿಕೆಗೆ ಇದು ಬಹಳ ದೊಡ್ಡ ಗಳಿಕೆ ಎಂದೇ ನಾನು ಹೇಳುತ್ತೇನೆ.

ಹಾಗಾದರೆ ಚೆಂಗಲ್ಪಟ್ಟಿನ ಸೊನ್ನೆ? ಆ ಪ್ರಯೋಗದ ಫಲಿತಾಂಶವನ್ನು ಹಿಡಿದು ಶಿಶುಗಳಿಗೆ ಬಿಸಿಜಿಯೇ ಬೇಡ ಎನ್ನುವವರನ್ನು ನಾನು ಕೇಳಿದ್ದೇನೆ. ಇದು ತಪ್ಪು ಓದು, ಇದರಿಂದ ಮಕ್ಕಳಿಗೆ ಕೇಡಾಗುತ್ತದೆ. ಎಲ್ಲ ವಯಸ್ಸಿನ ಜನರಿದ್ದ ಆ ಪ್ರಯೋಗ ಅಳೆದದ್ದು ಕಫದಲ್ಲಿ ಬ್ಯಾಕ್ಟೀರಿಯಾ ಕಾಣುವ ಶ್ವಾಸಕೋಶದ ಕ್ಷಯವನ್ನು. ಹಸುಗೂಸುಗಳ ಮಿದುಳಿನ ಪೊರೆಯ ಕ್ಷಯವನ್ನು ಅಳೆಯಲು ಅದನ್ನು ರೂಪಿಸಿರಲಿಲ್ಲ.

ಕೂಸಿನ ವಯಸ್ಸು ದಾಟಿದವರಲ್ಲಿ ಒಂದು ಕಡೆ ಎಂಬತ್ತು, ಇನ್ನೊಂದು ಕಡೆ ಸೊನ್ನೆ ಯಾಕೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇಲ್ಲ. ಬಲವಾದ ವಾದ ಒಂದಿದೆ. ಮಣ್ಣಿನಲ್ಲಿ, ನೀರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಗಳಾದ ನಿರುಪದ್ರವಿ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ, ಉಷ್ಣವಲಯದಲ್ಲಿ ಹೆಚ್ಚು. ಅವುಗಳ ನಡುವೆ ಬೆಳೆದ ದೇಹಕ್ಕೆ ಒಂದಷ್ಟು ರಕ್ಷಣೆ ಈಗಾಗಲೇ ಸಿಕ್ಕಿರುತ್ತದೆ, ಬಿಸಿಜಿಯಿಂದ ಹೊಸದಾಗಿ ಸೇರುವುದು ಕಡಿಮೆ. ಇಲ್ಲವೇ ಆ ದೇಹ ಬಿಸಿಜಿಯ ಬ್ಯಾಕ್ಟೀರಿಯಾವನ್ನು ಬೇಗನೆ ಕೊಂದುಹಾಕುವುದರಿಂದ ಅದು ಪಾಠ ಕಲಿಸುವಷ್ಟು ಕಾಲ ಉಳಿಯುವುದೇ ಇಲ್ಲ. 2014ರ ಇನ್ನೊಂದು ದೊಡ್ಡ ವಿಶ್ಲೇಷಣೆ ಈ ವಾದಕ್ಕೆ ಇಂಬು ಕೊಟ್ಟಿತು. ಹುಟ್ಟಿದಾಗಲೇ ಲಸಿಕೆ ಪಡೆದವರಲ್ಲಿ, ಹಾಗೂ ಮೊದಲೇ ಸೋಂಕು ತಗುಲಿಲ್ಲ ಎಂದು ಕಟ್ಟುನಿಟ್ಟಾಗಿ ಪರೀಕ್ಷಿಸಿ ಲಸಿಕೆ ಹಾಕಿದ ಶಾಲಾ ಮಕ್ಕಳಲ್ಲಿ, ಶ್ವಾಸಕೋಶದ ಕ್ಷಯದ ವಿರುದ್ಧವೂ ಒಳ್ಳೆಯ ರಕ್ಷಣೆ ಕಂಡಿತು. ಹುಟ್ಟಿದ ಮಗು ಇನ್ನೂ ಮಣ್ಣು ಮುಟ್ಟಿರುವುದಿಲ್ಲ. ಲಸಿಕೆ ಆದಷ್ಟು ಬೇಗ ಆಗಲಿ, ಹುಟ್ಟಿದ ದಿನವೇ ಆದರೂ ಸರಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಪೋಷಕರಿಗೆ ಅಷ್ಟೊಂದು ಹಿತವೆನಿಸದ ಭಾಗ. 17 ದೇಶಗಳ 26 ಅಧ್ಯಯನಗಳಿಂದ, ಕ್ಷಯ ರೋಗಿಗಳ ಸಂಪರ್ಕಕ್ಕೆ ಬಂದ ಸುಮಾರು 68,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2022ರಲ್ಲಿ ಪ್ರಕಟವಾಯಿತು. ಶೈಶವದಲ್ಲಿ ಹಾಕಿದ ಬಿಸಿಜಿ ಐದು ವರ್ಷದೊಳಗಿನ ಮಕ್ಕಳಲ್ಲಿ ಎಲ್ಲ ಬಗೆಯ ಕ್ಷಯವನ್ನು ಶೇ. 37ರಷ್ಟು ತಗ್ಗಿಸಿತ್ತು. ಅದಕ್ಕಿಂತ ದೊಡ್ಡವರಲ್ಲಿ ಸ್ಪಷ್ಟ ರಕ್ಷಣೆ ಕಾಣಲಿಲ್ಲ. ಶೇ. 37 ಎಂದರೆ ಕಡಿಮೆಯಲ್ಲ. ಆದರೆ ಮನೆಯಲ್ಲೇ ಕೆಮ್ಮುವ ರೋಗಿ ಇರುವಾಗ ಮಗುವಿಗೆ ಬಿಸಿಜಿ ಆಗಿದೆಯಲ್ಲ, ಇನ್ನು ಚಿಂತೆಯಿಲ್ಲ ಎಂದು ಸುಮ್ಮನಿರಲು ಅದು ಖಂಡಿತ ಸಾಲದು.

ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು ಎನಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಶ್ವಾಸಕೋಶದ ಕ್ಷಯ ಪತ್ತೆಯಾದರೆ, ಅಲ್ಲಿರುವ ಐದು ವರ್ಷದೊಳಗಿನ ಪ್ರತಿ ಮಗುವನ್ನೂ ವೈದ್ಯರು ನೋಡಬೇಕು. ಮಗುವಿಗೆ ರೋಗ ಇದ್ದರೆ ಪೂರ್ಣ ಚಿಕಿತ್ಸೆ, ಇಲ್ಲದಿದ್ದರೆ ರೋಗ ಬಾರದಂತೆ ತಡೆಯುವ ಔಷಧಿ. ತೋಳಿನ ಮೇಲೆ ಬಿಸಿಜಿ ಕಲೆ ಇದ್ದರೂ ಇದು ಆಗಲೇಬೇಕು ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. 2023ರಲ್ಲಿ ಜಗತ್ತಿನಲ್ಲಿ ಕ್ಷಯಕ್ಕೆ ತುತ್ತಾದ ಸುಮಾರು 1 ಕೋಟಿ 8 ಲಕ್ಷ ಜನರಲ್ಲಿ 13 ಲಕ್ಷದಷ್ಟು ಮಂದಿ ಹದಿನೈದು ತುಂಬದ ಮಕ್ಕಳು ಎಂದು ಅದೇ ಸಂಸ್ಥೆ ಅಂದಾಜು ಮಾಡಿದೆ. ಬಿಸಿಜಿ ಜಗತ್ತಿನ ಬಹುಪಾಲು ಶಿಶುಗಳಿಗೆ ತಲುಪುತ್ತಿರುವ ಕಾಲದ ಸಂಖ್ಯೆ ಇದು.

ಇನ್ನೊಂದು ಮಿತಿಯೂ ಇದೆ. ಚಿಕ್ಕ ಮಕ್ಕಳ ಕಫದಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ, ಅವರಿಗೆ ಜೋರಾಗಿ ಕೆಮ್ಮಿ ಹೊರಹಾಕಲೂ ಬಾರದು. ಅವರಿಂದ ಇತರರಿಗೆ ರೋಗ ಹರಡುವುದು ಅಪರೂಪ. ಹಾಗಾಗಿ ಮಕ್ಕಳನ್ನು ಕಾಯುವ ಲಸಿಕೆಯಿಂದ ಸಮಾಜದಲ್ಲಿ ಕ್ಷಯದ ಹರಡುವಿಕೆ ಅಷ್ಟಾಗಿ ತಗ್ಗುವುದಿಲ್ಲ. ನೂರು ವರ್ಷ ಬಿಸಿಜಿ ಹಾಕಿಯೂ ಕ್ಷಯ ಯಾಕೆ ಹೋಗಿಲ್ಲ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ಹರಡುವಿಕೆ ನಿಲ್ಲಬೇಕಾದರೆ ಕೆಮ್ಮುವ ದೊಡ್ಡವರನ್ನು ಬೇಗ ಪತ್ತೆ ಮಾಡಿ ಚಿಕಿತ್ಸೆ ಮುಗಿಸಬೇಕು.

ರಕ್ಷಣೆ ಎಷ್ಟು ವರ್ಷ ಉಳಿಯುತ್ತದೆ ಎಂಬುದಕ್ಕೆ ಹೆಚ್ಚಿನ ಅಧ್ಯಯನಗಳು ಹತ್ತರಿಂದ ಹದಿನೈದು ವರ್ಷ ಎನ್ನುತ್ತವೆ. 1930ರ ದಶಕದಲ್ಲಿ ಅಮೆರಿಕದ ಮೂಲನಿವಾಸಿಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಭಾಗವಹಿಸಿದವರ ದಾಖಲೆಗಳನ್ನು ದಶಕಗಳ ನಂತರ ಹುಡುಕಿ ನೋಡಿದಾಗ ಐವತ್ತು ವರ್ಷ ದಾಟಿದ ಮೇಲೂ ರಕ್ಷಣೆ ಅರ್ಧದಷ್ಟು ಇತ್ತು, ಆದರೆ ಎಲ್ಲೆಡೆ ಹಾಗಾಗುತ್ತದೆ ಎನ್ನಲಾಗದು. ಎರಡನೇ ಡೋಸ್ ಹಾಕಿದರೆ? ಬ್ರೆಜಿಲ್‌ನಲ್ಲಿ ಶಾಲಾ ಮಕ್ಕಳಿಗೆ ಮರುಲಸಿಕೆ ಹಾಕಿ ನೋಡಿದ ದೊಡ್ಡ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಆದ್ದರಿಂದ ಒಂದೇ ಡೋಸ್.

ಕಲೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಎಡತೋಳಿನ ಮೇಲ್ಭಾಗದಲ್ಲಿ, ಚರ್ಮದ ಪದರದೊಳಗೇ, ಒಂದು ವರ್ಷದೊಳಗಿನ ಶಿಶುವಿಗೆ 0.05 ಮಿಲಿಲೀಟರ್ ಲಸಿಕೆ ಚುಚ್ಚುತ್ತಾರೆ. ಸರಿಯಾಗಿ ಚುಚ್ಚಿದರೆ ಚರ್ಮ ಉಬ್ಬಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಕೆಲವು ವಾರ ಕಳೆದ ಮೇಲೆ ಅಲ್ಲೊಂದು ಗುಳ್ಳೆ ಏಳುತ್ತದೆ, ಒಡೆದು ಹುಣ್ಣಾಗುತ್ತದೆ, ಎರಡು ಮೂರು ತಿಂಗಳಲ್ಲಿ ಮಾಯ್ದು ಸಣ್ಣ ಕಲೆ ಉಳಿಯುತ್ತದೆ. ಈ ಹುಣ್ಣು ಕೆಟ್ಟದ್ದೆಂದು ಮುಲಾಮು ಹಚ್ಚುವುದು, ಹಿಂಡುವುದು, ಬಟ್ಟೆ ಕಟ್ಟುವುದು ಯಾವುದೂ ಬೇಡ. ನೀರಿನಿಂದ ತೊಳೆದು ಹಾಗೇ ಬಿಡಿ. ಕೆಲವು ಮಕ್ಕಳಿಗೆ ಕಲೆ ಮೂಡುವುದೇ ಇಲ್ಲ. ಲಸಿಕೆ ಹಾಕಿದ ದಾಖಲೆ ಇದ್ದರೆ ಕಲೆ ಇಲ್ಲವೆಂದು ಮತ್ತೆ ಹಾಕಿಸಬೇಕಾಗಿಲ್ಲ.

ಅಪಾಯಗಳ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಕೆಲವು ಶಿಶುಗಳಿಗೆ ಅದೇ ಬದಿಯ ಕಂಕುಳಲ್ಲಿ ಗ್ರಂಥಿ ಊದಿಕೊಳ್ಳುತ್ತದೆ. ಬಹುತೇಕ ತಾನಾಗಿಯೇ ಇಳಿಯುತ್ತದೆ, ಕೀವು ತುಂಬಿದರೆ ವೈದ್ಯರಿಗೆ ತೋರಿಸಬೇಕು. ನಿಜವಾದ ಅಪಾಯ ಇರುವುದು ರೋಗನಿರೋಧಕ ವ್ಯವಸ್ಥೆಯೇ ಕುಸಿದಿರುವ ಮಗುವಿಗೆ. ಬಿಸಿಜಿ ಜೀವಂತ ಬ್ಯಾಕ್ಟೀರಿಯಾ, ಅಂಥ ಮಗುವಿನಲ್ಲಿ ಅದೇ ಮೈಯೆಲ್ಲ ಹರಡಿ ಪ್ರಾಣಕ್ಕೆ ಎರವಾಗಬಹುದು. ಅದಕ್ಕಾಗಿಯೇ ಎಚ್‌ಐವಿ ಸೋಂಕು ಇದೆಯೆಂದು ಖಚಿತವಾದ ಶಿಶುವಿಗೆ, ಔಷಧಿ ಆರಂಭಿಸಿ ರೋಗನಿರೋಧಕ ಶಕ್ತಿ ಸ್ಥಿರವಾಗುವವರೆಗೆ ಲಸಿಕೆಯನ್ನು ಮುಂದೂಡುತ್ತಾರೆ. ಹುಟ್ಟಿನಿಂದಲೇ ತೀವ್ರ ರೋಗನಿರೋಧಕ ಕೊರತೆ ಇರುವ ಮಕ್ಕಳಿಗೆ ಹಾಕುವುದೇ ಇಲ್ಲ. ಹಿಂದಿನ ಮಗು ಕಾರಣ ತಿಳಿಯದ ಸೋಂಕಿನಿಂದ ಶೈಶವದಲ್ಲೇ ತೀರಿಕೊಂಡಿದ್ದರೆ, ದಯವಿಟ್ಟು ಲಸಿಕೆಗೆ ಮೊದಲೇ ವೈದ್ಯರಿಗೆ ಹೇಳಿ.

ಶ್ರೀಮಂತ ದೇಶಗಳು ಬಿಸಿಜಿ ನಿಲ್ಲಿಸಿವೆಯಲ್ಲ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಹೌದು, ಕ್ಷಯ ತೀರಾ ಕಡಿಮೆಯಾದ ಕಡೆ ಎಲ್ಲ ಶಿಶುಗಳಿಗೂ ಹಾಕುವುದನ್ನು ಬಿಟ್ಟಿದ್ದಾರೆ. ಸ್ವೀಡನ್ 1975ರಲ್ಲಿ ನಿಲ್ಲಿಸಿತು. ಆಮೇಲೆ ಲಸಿಕೆಯಿಲ್ಲದೆ ಬೆಳೆದ ಮಕ್ಕಳಲ್ಲಿ ಕ್ಷಯ ಹೆಚ್ಚಿದ್ದು ಕಂಡುಬಂದು, ಅಪಾಯ ಹೆಚ್ಚಿರುವ ಕುಟುಂಬಗಳ ಮಕ್ಕಳಿಗೆ ಮತ್ತೆ ಹಾಕತೊಡಗಿದರು. ಕ್ಷಯ ಸುತ್ತಮುತ್ತ ಇರುವವರೆಗೆ ಆ ದೇಶಗಳ ನಿರ್ಧಾರವನ್ನು ಎರವಲು ತರುವುದು ತರವಲ್ಲ.

ಹೊಸ ಲಸಿಕೆಗಳ ಬಗ್ಗೆ ಎರಡು ಮಾತು. ಬಿಸಿಜಿಯ ಮೇಲೆ ಇನ್ನೊಂದು ಲಸಿಕೆಯಾಗಿ ಎಂವಿಎ85ಎ ಎಂಬುದನ್ನು ದಕ್ಷಿಣ ಆಫ್ರಿಕಾದ 2,797 ಶಿಶುಗಳಲ್ಲಿ ಪರೀಕ್ಷಿಸಿದರು. 2013ರಲ್ಲಿ ಫಲಿತಾಂಶ ಬಂದಾಗ ಬಿಸಿಜಿಗಿಂತ ಗಮನಾರ್ಹವಾಗಿ ಹೆಚ್ಚಿನ ರಕ್ಷಣೆಯೇನೂ ಸಿಗಲಿಲ್ಲ. ಎಂ72 ಎಂಬ ಲಸಿಕೆಯ ದೊಡ್ಡ ಪ್ರಯೋಗ 2024ರಲ್ಲಿ ಶುರುವಾಗಿದೆ, ಅದು ಹದಿಹರೆಯದವರಿಗೂ ದೊಡ್ಡವರಿಗೂ. ಅದು ಗೆದ್ದರೆ ಮನೆಯಲ್ಲಿ ಕೆಮ್ಮುವವರೇ ಕಡಿಮೆಯಾಗಿ ಮಕ್ಕಳಿಗೂ ಒಳ್ಳೆಯದಾಗುತ್ತದೆ. ಸದ್ಯಕ್ಕೆ ಕೂಸಿನ ತೋಳಿಗೆ ಹಾಕಲು ನಮ್ಮ ಕೈಯಲ್ಲಿರುವುದು ಬಿಸಿಜಿ ಒಂದೇ.

ಕೊನೆಯದಾಗಿ ಮುಂದಿನ ಸಾಲಿನಿಂದ ಬಂದ ಪ್ರಶ್ನೆ. ಹೆರಿಗೆಯ ಹೊತ್ತಿಗೆ ತಾಯಿಗೇ ಕ್ಷಯ ಇದ್ದರೆ ಮಗುವಿಗೆ ಬಿಸಿಜಿ ಯಾವಾಗ? ತಾಯಿಯ ಕ್ಷಯ ಇನ್ನೂ ಹರಡುವ ಸ್ಥಿತಿಯಲ್ಲಿದ್ದರೆ ಮೊದಲು ಮಗುವಿಗೆ ರೋಗ ಇದೆಯೇ ಎಂದು ಪರೀಕ್ಷಿಸುತ್ತಾರೆ. ಇಲ್ಲವೆಂದಾದರೆ ತಡೆ ಔಷಧಿ ಶುರುಮಾಡುತ್ತಾರೆ. ಆ ಔಷಧಿ ಬಿಸಿಜಿಯ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ, ಅದು ಪೂರ್ತಿ ಮುಗಿದ ಮೇಲೆ ಲಸಿಕೆ ಹಾಕುತ್ತಾರೆ. ಅಷ್ಟು ದಿನ ತಾಯಿ ತನ್ನ ಔಷಧಿ ತಪ್ಪಿಸಬಾರದು, ಮಗುವಿನ ಹತ್ತಿರ ಇರುವಾಗ ಮಾಸ್ಕ್ ಹಾಕಿಕೊಳ್ಳಬೇಕು. ಎದೆಹಾಲು ನಿಲ್ಲಿಸಬೇಕಾಗಿಲ್ಲ. ಕ್ಷಯ ಎದೆಹಾಲಿನಿಂದ ಹರಡುವುದಿಲ್ಲ, ಮಗುವನ್ನು ತಾಯಿಯಿಂದ ದೂರ ಮಾಡುವುದೂ ಸಾಮಾನ್ಯವಾಗಿ ಬೇಕಿಲ್ಲ.